ಮಕ್ಕಳನ್ನೂ ಕರೆದುಕೊಂಡು ಡರ್ಟ್ ಬೈಕ್, ಎಟಿವಿ ಪ್ರವಾಸ: ಚಿಕ್ಕಮಗಳೂರು ಕಡೆ ಬರುವವರು ಏನೇನು ನೋಡಿಕೊಳ್ಳಬೇಕು

ದಸರಾ ರಜೆ ಹತ್ತಿರ ಬಂತು ಅಂದರೆ ನನಗೆ ಬರುವ ಪ್ರಶ್ನೆ ಎರಡೇ. "ಮುಳ್ಳಯ್ಯನಗಿರಿ ಮೇಲೆ ಎಟಿವಿ ಓಡಿಸಬಹುದಾ?" "ಮಗನಿಗೆ ಎಂಟು ವರ್ಷ, ಅವನಿಗೂ ಕೊಡ್ತಾರಾ?" ಮೊದಲನೆಯದಕ್ಕೆ ನನ್ನ ಉತ್ತರ "ಇಲ್ಲ, ಓಡಿಸುವಂತಿಲ್ಲ". ಎರಡನೆಯದಕ್ಕೆ, ಕೊಡುವವರು ಕೊಡುತ್ತಾರೆ, ಆದರೆ ಅವರು ಕೊಟ್ಟರು ಅಂತ ನೀವು ಕೂರಿಸಬೇಡಿ. ಇಷ್ಟು ಹೇಳುವಷ್ಟರಲ್ಲಿ "ಹಾಗಾದ್ರೆ ಬರೋದೇ ಬೇಡ್ವಾ?" ಅಂತ ಮುಖ ಸಣ್ಣ ಮಾಡುತ್ತಾರೆ. ಬನ್ನಿ, ಖಂಡಿತ ಬನ್ನಿ. ಗಾಡಿಯಿಂದ ಯೋಚನೆ ಶುರು ಮಾಡಬೇಡಿ, ಜಾಗದಿಂದ ಶುರು ಮಾಡಿ, ಅಷ್ಟೇ ನಾನು ಹೇಳುವುದು. ಪ್ರತಿ ಸಲ ಫೋನಿನಲ್ಲಿ ಅದನ್ನೇ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೂರು ಪದ ಮೊದಲೇ ಗೊತ್ತಿರಲಿ. ಡರ್ಟ್ ಬೈಕ್ ಅಂದರೆ ಮಣ್ಣು, ಕಲ್ಲು, ಕೆಸರಿಗೆಂದೇ ಮಾಡಿದ ಹಗುರವಾದ ಬೈಕು. ನಂಬರ್ ಪ್ಲೇಟ್ ಇಲ್ಲ, ಇಂಡಿಕೇಟರ್ ಇಲ್ಲ, ಹಾಗಾಗಿ ಡಾಂಬರು ರಸ್ತೆಗೆ ಇಳಿಸುವಂತಿಲ್ಲ. ಡ್ಯುಯಲ್ ಸ್ಪೋರ್ಟ್ ಅಂದರೆ ರಸ್ತೆಗೂ ಸೈ, ಮಣ್ಣಿಗೂ ಸೈ ಅನ್ನುವಂಥದ್ದು, ಹೀರೋ ಎಕ್ಸ್‌ಪಲ್ಸ್ ತರಹದ್ದು. ಎಟಿವಿ, ಕ್ವಾಡ್ ಎರಡೂ ಒಂದೇ. ದಪ್ಪ ಟೈರಿನ ನಾಲ್ಕು ಚಕ್ರ, ಓಡಿಸುವುದು ಮಾತ್ರ ಬೈಕಿನ ಹಾಗೆ ಹ್ಯಾಂಡಲ್ ಹಿಡಿದು.

1. ಮೊದಲು ಜಾಗ ಹಿಡಿಯಿರಿ

ಮೊಬೈಲ್ ಮ್ಯಾಪಿನಲ್ಲಿ ಹಸಿರು ಕಂಡ ಕಡೆಯೆಲ್ಲ ಗಾಡಿ ನುಗ್ಗಿಸಬಹುದು ಅಂದುಕೊಂಡು ಬರುವವರು ಜಾಸ್ತಿ. ನಮ್ಮ ಕಡೆ ಹಸಿರು ಅಂದರೆ ಒಂದೋ ಕಾಡು, ಇಲ್ಲ ಯಾರದೋ ತೋಟ, ಇಲ್ಲ ಊರಿನ ಗೋಮಾಳ. ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೂ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ ಅನುಮತಿ ಇಲ್ಲದೆ ಕಾಲಿಡುವುದೇ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಹಾಸನ ಜಿಲ್ಲೆಯ ಬಿಸಿಲೆ ಕಡೆಯ ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಸಿಕ್ಕಿಬಿದ್ದರೆ ದಂಡ ಕಟ್ಟಿ ಬರುತ್ತೇನೆ ಅನ್ನಬೇಡಿ, ಗಾಡಿಯನ್ನೇ ಇಟ್ಟುಕೊಳ್ಳಬಹುದು.

ಇನ್ನು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ದೇವರಮನೆ, ಎತ್ತಿನಭುಜ. ನೋಡಲು ಬೋಳು ಗುಡ್ಡ, ಗಾಡಿ ಹತ್ತಿಸಿದರೆ ಏನು ಹಾಳಾಗುತ್ತದೆ ಅನ್ನಿಸುತ್ತದೆ. ಅಲ್ಲಿ ಮಣ್ಣು ಹಿಡಿದಿಟ್ಟಿರುವುದೇ ಆ ಹುಲ್ಲಿನ ಬೇರು. ಟೈರಿನ ಒಂದು ಗೀರು ಬಿದ್ದರೆ ಜುಲೈ ತಿಂಗಳ ಮಳೆ ಅದೇ ಗೀರಿನಲ್ಲಿ ಹರಿದು, ಮುಂದಿನ ವರ್ಷಕ್ಕೆ ಅದು ಮೊಣಕಾಲುದ್ದದ ಕೊರಕಲಾಗಿರುತ್ತದೆ. ಗಿರಿಗೆ ಕಾರಲ್ಲಿ ಹೋಗಿ ನೋಡಿ ಬನ್ನಿ. ಅದಕ್ಕೂ ಈಗ ವಾಹನಕ್ಕೆ ಆನ್‌ಲೈನ್ ಬುಕಿಂಗ್ ಬಂದಿದೆ, ಕೈಮರದ ಚೆಕ್‌ಪೋಸ್ಟ್‌ವರೆಗೆ ಹೋಗಿ ವಾಪಸ್ ಬರುವ ಹಾಗಾಗಬಾರದು.

ಹಾಗಾದರೆ ಉಳಿದದ್ದು ಏನು? ಮೂರು ತರಹದ ಜಾಗ.

ಒಂದು, ರೆಸಾರ್ಟ್ ಅಥವಾ ಸಾಹಸ ಕ್ರೀಡೆಯವರು ಮಾಡಿಟ್ಟ ಟ್ರ್ಯಾಕ್. ಸುಲಭ, ಆದರೆ ಚಿಕ್ಕದು. ನಾಲ್ಕು ಸುತ್ತಿಗೆ ಬೇಜಾರು ಬರುತ್ತದೆ. ಮೊದಲ ಸಲ ಓಡಿಸುವ ಮಕ್ಕಳಿಗೆ ಅದೇ ಸಾಕು.

ಎರಡು, ಖಾಸಗಿ ಕಾಫಿ ತೋಟದೊಳಗಿನ ಜೀಪ್ ದಾರಿ. ಎಲ್ಲರ ಕಣ್ಣೂ ಇದರ ಮೇಲೆಯೇ. ಇಲ್ಲಿನ ತೋಟಗಳ ದಾರಿಯಲ್ಲಿ ವರ್ಷಗಳಿಂದ ಕಾರ್ ರ‍್ಯಾಲಿ ನಡೆದಿದೆ, ಅದರ ವಿಡಿಯೋ ನೋಡಿ ಬರುವವರೂ ಇದ್ದಾರೆ. ರ‍್ಯಾಲಿಯ ದಿನ ದಾರಿ ಪೂರ್ತಿ ಮುಚ್ಚಿರುತ್ತಾರೆ, ತಿರುವಿಗೊಬ್ಬ ಮನುಷ್ಯ ನಿಂತಿರುತ್ತಾನೆ. ನೀವು ಹೋಗುವ ದಿನ ಅದೇ ತಿರುವಿನಲ್ಲಿ ಗೊಬ್ಬರದ ಟ್ರ್ಯಾಕ್ಟರ್ ಎದುರಾಗುತ್ತದೆ.

ಮೂರನೆಯದು ನನಗೆ ಇಷ್ಟವಾದದ್ದು: ಕೊಯ್ಲು ಮುಗಿದ ಗದ್ದೆ. ಭತ್ತ ಕೊಯ್ದ ಮೇಲೆ ಜನವರಿ, ಫೆಬ್ರವರಿಯಲ್ಲಿ ಎಷ್ಟೋ ಗದ್ದೆ ಖಾಲಿ ಬಿದ್ದಿರುತ್ತವೆ. ಸಮತಟ್ಟು, ಮರ ಇಲ್ಲ, ಕಲ್ಲು ಕಡಿಮೆ, ಬಿದ್ದರೂ ಮಣ್ಣು ಸ್ವಲ್ಪ ಮೆತ್ತಗೆ. ಹುಡುಗರು ಎಲ್ಲಿದ್ದಾರೆ ಅಂತ ಒಂದೇ ಕಡೆ ನಿಂತು ಕಾಣುತ್ತದೆ. ಬದುವಿನ ಮೇಲೆ ಮಾತ್ರ ಹತ್ತಿಸಬೇಡಿ. ಬದು ಒಡೆದರೆ ಮುಂದಿನ ಸಲ ಆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ಗದ್ದೆಯವರು ನಿಮ್ಮನ್ನು ಮತ್ತೆ ಸೇರಿಸುವುದೂ ಇಲ್ಲ.

ತೋಟವಾಗಲಿ ಗದ್ದೆಯಾಗಲಿ, ಒಪ್ಪಿಗೆ ಕೇಳಬೇಕಾದದ್ದು ಮಾಲೀಕರನ್ನು. ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವ ಮೇಲ್ವಿಚಾರಕ, "ಬನ್ನಿ ಸಾರ್, ಏನಾಗಲ್ಲ" ಅಂದಿರುತ್ತಾರೆ. ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಯಾವ ದಿನ, ಎಷ್ಟು ಗಾಡಿ, ತೋಟದ ಯಾವ ಭಾಗ ಅಂತ ಬರೆದು ಮಾಲೀಕರಿಂದಲೇ ವಾಟ್ಸಾಪ್‌ನಲ್ಲಿ ಒಂದು "ಸರಿ" ಹಾಕಿಸಿಕೊಳ್ಳಿ.

ಆನೆ ವಿಷಯ ಕೇಳದೆ ಜಾಗ ಗೊತ್ತು ಮಾಡಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಈ ನಾಲ್ಕೂ ತಾಲ್ಲೂಕಿನ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದೆ, ಆನೆ ಯಾವ ಕಡೆ ಇದೆ ಅನ್ನುವ ಸುದ್ದಿ ಊರವರ ಮೊಬೈಲಿಗೆ ಬರುತ್ತಿರುತ್ತದೆ. ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಮನೆಯವರನ್ನು ಕೇಳಿ. ಇಂಜಿನ್ ಶಬ್ದಕ್ಕೆ ಆನೆ ಹೆದರಿ ಓಡುತ್ತದೆ ಅನ್ನುವ ಧೈರ್ಯ ಬೇಡ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಐದರ ಮೇಲೆ ತೋಟದೊಳಗೆ ಗಾಡಿ ಬೇಡವೇ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926, ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

2. ತಿಂಗಳು ಯಾವುದು

ಶಾಲೆಯ ರಜೆ ನೋಡಿ ದಿನ ಗೊತ್ತು ಮಾಡುತ್ತೀರಿ, ಸಹಜ. ಅದರ ಜೊತೆಗೆ ಕಾಫಿ ಗಿಡದ ಕ್ಯಾಲೆಂಡರನ್ನೂ ನೋಡಿ.

ಜೂನ್‌ನಿಂದ ಸೆಪ್ಟೆಂಬರ್, ಮರೆತುಬಿಡಿ. ಕೆಂಪು ಮಣ್ಣು ನೆನೆದರೆ ಸೋಪಿನ ಹಾಗೆ. ಅನುಭವ ಇದ್ದವರು ಬೇಕಂತಲೇ ಆಗ ಬರುತ್ತಾರೆ, ಅದು ಬೇರೆ. ಮಕ್ಕಳ ಜೊತೆ ಅಲ್ಲ. ಅಕ್ಟೋಬರ್‌ನಲ್ಲಿ ಮಣ್ಣು ಹದವಾಗಿರುತ್ತದೆ, ಧೂಳೂ ಇಲ್ಲ, ಕೆಸರೂ ಕಡಿಮೆ. ಮಧ್ಯಾಹ್ನದ ಮೇಲೆ ಹಿಂಗಾರು ಗುಡುಗಬಹುದು, ಹಾಗಾಗಿ ಬೆಳಿಗ್ಗೆಯೇ ಮುಗಿಸಿಕೊಳ್ಳಿ. ನನ್ನನ್ನು ಕೇಳಿದರೆ ದಸರಾ ರಜೆಯೇ ಸರಿಯಾದ ಕಾಲ.

ಕ್ರಿಸ್‌ಮಸ್ ರಜೆಗೆ ಬರುತ್ತೇವೆ ಅನ್ನುವವರಿಗೆ ಒಂದು ತೊಡಕು. ನವೆಂಬರ್‌ನಿಂದ ಅರೇಬಿಕಾ ಹಣ್ಣು ಕೊಯ್ಲು, ಅದರ ಹಿಂದೆಯೇ ರೋಬಸ್ಟಾ, ಫೆಬ್ರವರಿವರೆಗೂ ತೋಟದ ತುಂಬ ಜನ. ದಾರಿಯ ಪಕ್ಕ ಮೂಟೆ, ಕಣದಲ್ಲಿ ಒಣಗಲು ಹರವಿದ ಕಾಫಿ, ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಮಕ್ಕಳು ಆಟ ಆಡುತ್ತಿರುತ್ತಾರೆ. ಆಮೇಲೆ ಮೆಣಸು ಕೊಯ್ಲು, ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿಕೊಂಡು ಜನ ಮೇಲಿರುತ್ತಾರೆ. ಆ ಹೊತ್ತಿನಲ್ಲಿ ತೋಟದ ದಾರಿ ಕೇಳಬೇಡಿ, ಕೊಯ್ಲು ಮುಗಿದ ಗದ್ದೆ ಇದೆಯಾ ಅಂತ ಕೇಳಿ. ಏಪ್ರಿಲ್, ಮೇ ರಜೆಯಲ್ಲಿ ತೋಟದಲ್ಲಿ ಕೆಲಸ ಕಡಿಮೆ, ಆದರೆ ಧೂಳು. ಮುಂದಿನವನ ಧೂಳಿನಲ್ಲಿ ಹಿಂದಿನವನಿಗೆ ದಾರಿ ಕಾಣುವುದಿಲ್ಲ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ಎರಡು ದಿನ ಆಗಿದ್ದರೆ ಅದೃಷ್ಟ, ಧೂಳು ಕೂತಿರುತ್ತದೆ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಹೂ ಬಿಡುತ್ತದೆ.

3. ಯಾರು ಯಾವುದರ ಮೇಲೆ ಕೂರಬೇಕು

ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು, ಎಲ್ಲರಿಗಿಂತ ಹೆದರುವವರು ಯಾರು ಅಂತ ನೋಡಿ. ಪ್ರವಾಸ ಅವರ ಅಳತೆಗೆ ಹೊಲಿದಿರಬೇಕು. ಅಪ್ಪನ ಅಳತೆಗೆ ಹೊಲಿದರೆ ಅಪ್ಪ ಒಬ್ಬರೇ ಮಜಾ ಮಾಡಿ ಬರುತ್ತಾರೆ, ಉಳಿದವರು ಮರದ ಕೆಳಗೆ ಕೂತು ಬಾಳೆಕಾಯಿ ಚಿಪ್ಸ್ ತಿನ್ನುತ್ತಾರೆ.

ನಾಲ್ಕು ಚಕ್ರ ಇದೆ, ಬೀಳಲ್ಲ, ಮಕ್ಕಳಿಗೆ ಎಟಿವಿಯೇ ಸೇಫ್ ಅನ್ನುವುದು ಎಲ್ಲರ ಲೆಕ್ಕ. ಇದು ತಪ್ಪು ಲೆಕ್ಕ. ಬೈಕು ಬಿದ್ದರೆ ನೀವು ಒಂದು ಕಡೆ, ಬೈಕು ಒಂದು ಕಡೆ ಆಗುವ ಸಂಭವ ಇರುತ್ತದೆ. ಎಟಿವಿ ಮಗುಚಿದರೆ ಮೇಲೆಯೇ ಬರುತ್ತದೆ, ಅದೂ ನೂರಾರು ಕೆಜಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರಿಗೆ ಎಟಿವಿ ಬೇಡ ಅಂತಲೇ ಹೇಳುತ್ತದೆ. ಅಲ್ಲಿನ ಎಟಿವಿ ತರಬೇತಿಯವರ ಹಳೆಯ ಲೆಕ್ಕ ಸ್ವಲ್ಪ ಸಡಿಲ: 6 ವರ್ಷ ದಾಟಿದವರಿಗೆ 70 ಸಿಸಿ ಒಳಗೆ, 12 ದಾಟಿದವರಿಗೆ 90 ಸಿಸಿವರೆಗೆ, ಅದಕ್ಕಿಂತ ದೊಡ್ಡದು 16ರ ಮೇಲೆ. ನಮ್ಮಲ್ಲಿ ಮಕ್ಕಳ ಎಟಿವಿ ಅಂತ ತಂದು ನಿಲ್ಲಿಸುವುದು ಎಷ್ಟೋ ಸಲ 110 ಅಥವಾ 125 ಸಿಸಿ. ಬಣ್ಣ ನೋಡಿ ಮೋಸ ಹೋಗಬೇಡಿ, ಸಿಸಿ ಕೇಳಿ.

ನನ್ನ ಅಭಿಪ್ರಾಯ ಹೀಗಿದೆ, ನೀವು ಇದಕ್ಕಿಂತ ಬಿಗಿ ಮಾಡಬಹುದು, ಸಡಿಲ ಮಾಡಬೇಡಿ. ಹತ್ತು ವರ್ಷದ ಕೆಳಗಿನವರು ಎಟಿವಿ ಓಡಿಸುವುದು ಬೇಡ. ಸೈಕಲ್ಲನ್ನು ಪಕ್ಕದ ಪುಟ್ಟ ಚಕ್ರ ಇಲ್ಲದೆ ಚೆನ್ನಾಗಿ ಓಡಿಸುವ ಮಗುವಾದರೆ, ಕ್ಲಚ್ ಇಲ್ಲದ ಪುಟ್ಟ ಡರ್ಟ್ ಬೈಕ್ ಮೇಲೆ, ಸಮತಟ್ಟು ಗದ್ದೆಯಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇದ್ದುಕೊಂಡು ಕಲಿಸಬಹುದು. ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ತುದಿಗಾಲು ತಾಗಿದರೆ ಸಾಲದು. ಸೈಕಲ್ ಬರದ ಮಗುವಿಗೆ ಬೈಕೂ ಬೇಡ, ಇನ್ನೊಂದು ವರ್ಷ ಕಾಯಿರಿ.

ಅಪ್ಪನ ಮುಂದೆ ಕೂರಿಸಿಕೊಂಡು ಎಟಿವಿ ಮೇಲೆ ಒಂದು ರೌಂಡ್? ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಬಹುತೇಕ ಎಟಿವಿಗಳನ್ನು ಒಬ್ಬರಿಗೆ ಅಂತಲೇ ಮಾಡಿರುತ್ತಾರೆ. ಸೀಟು ಉದ್ದ ಇರುವುದು ಇನ್ನೊಬ್ಬರನ್ನು ಕೂರಿಸಲು ಅಲ್ಲ, ಓಡಿಸುವವರು ಹಿಂದೆ ಮುಂದೆ ಸರಿಯಲು. ಏರು ಬಂದಾಗ ಮೈ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ತಿರುವಿನಲ್ಲಿ ಒಳಗಿನ ಕಡೆಗೆ ವಾಲಬೇಕು. ಇನ್ನೊಬ್ಬರು ಕೂತರೆ ಸರಿಯಲು ಜಾಗವೇ ಇರುವುದಿಲ್ಲ. ಒಂದು ಸಲ ನಾನೇ ಹಿಂದೆ ಕೂತಿದ್ದೆ, ಬಾಡಿಗೆ ಕೊಟ್ಟವರೇ "ಇಬ್ಬರೂ ಹೋಗಿ" ಅಂದಿದ್ದರು. ಸಣ್ಣ ಏರಿನಲ್ಲಿ ಮುಂದಿನ ಚಕ್ರ ಮೆಲ್ಲಗೆ ಮೇಲೆದ್ದಿತು, ನಾವು ಪಕ್ಕಕ್ಕೆ ಬಿದ್ದೆವು, ಮಡ್‌ಗಾರ್ಡು ನನ್ನ ತೊಡೆಯ ಮೇಲೆ. ಮೂರು ವಾರ ಕುಂಟಿದೆ.

ಕಾನೂನಿನ ಮಾತು ಒಂದು. ತೋಟದಿಂದ ತೋಟಕ್ಕೆ ಹೋಗುವಾಗ ನಡುವೆ ಪಂಚಾಯಿತಿ ರಸ್ತೆ ಬರುತ್ತದೆ, ಐವತ್ತೇ ಮೀಟರ್ ಅಲ್ವಾ ಅಂತ ಹುಡುಗನ ಕೈಯಲ್ಲೇ ದಾಟಿಸುತ್ತಾರೆ. ಅದು ಸಾರ್ವಜನಿಕ ರಸ್ತೆ. ಅಪ್ರಾಪ್ತರು ಓಡಿಸಿ ಸಿಕ್ಕಿದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂತ ಮೋಟಾರು ವಾಹನ ಕಾಯ್ದೆಯಲ್ಲಿದೆ, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೂ ಸಿಗುವುದಿಲ್ಲ. ನಂಬರ್ ಪ್ಲೇಟ್ ಇಲ್ಲದ ಗಾಡಿಯನ್ನು ದೊಡ್ಡವರೂ ಅಲ್ಲಿ ಓಡಿಸುವಂತಿಲ್ಲ. ತಳ್ಳಿಕೊಂಡು ದಾಟಿ, ಇಲ್ಲ ಪಿಕಪ್‌ಗೆ ಹಾಕಿ ದಾಟಿಸಿ.

4. ಬಾಡಿಗೆಯೋ, ಸ್ವಂತದ್ದೋ

ವರ್ಷಕ್ಕೆ ಒಮ್ಮೆ ಬರುವವರು ಬಾಡಿಗೆಗೇ ಹೋಗಿ. ಫೋನ್ ಮಾಡಿದಾಗ ರೇಟು ಕೇಳುವ ಮುಂಚೆ ಇವನ್ನು ಕೇಳಿ: ದುಡ್ಡು ರೌಂಡಿನ ಲೆಕ್ಕವೋ ನಿಮಿಷದ ಲೆಕ್ಕವೋ? ರೌಂಡು ಎಷ್ಟು ಉದ್ದ? ಮಕ್ಕಳ ಗಾಡಿ ಎಷ್ಟು ಸಿಸಿ? ಮಕ್ಕಳ ಸೈಜಿನ ಹೆಲ್ಮೆಟ್ ಇದೆಯೋ, ಅಥವಾ ದೊಡ್ಡವರದ್ದನ್ನೇ ಪಟ್ಟಿ ಬಿಗಿದು ಹಾಕುತ್ತಾರೋ? ಕಲಿಸುವವರು ಇರುತ್ತಾರೋ, ಬೀಗದಕೈ ಕೊಟ್ಟು ಟೀ ಕುಡಿಯಲು ಹೋಗುತ್ತಾರೋ? ಕಿಲ್ ಸ್ವಿಚ್ ದಾರ ಇದೆಯೋ?

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಕ್ಕಳ ಎಟಿವಿಗಳಲ್ಲಿ ಎರಡು ವ್ಯವಸ್ಥೆ ಇರುತ್ತದೆ. ಒಂದು, ಹಿಂಭಾಗದಿಂದ ನೇತಾಡುವ ಒಂದು ಸುರುಳಿ ದಾರ. ಕಲಿಸುವವರು ಅದರ ತುದಿ ಹಿಡಿದು ಹಿಂದೆ ನಡೆಯುತ್ತಾರೆ, ಎಳೆದರೆ ಇಂಜಿನ್ ಆಫ್. ಎರಡನೆಯದು ಬಲಗೈ ಹೆಬ್ಬೆರಳಿನಿಂದ ಒತ್ತುವ ಥ್ರಾಟಲ್, ಅಂದರೆ ಆಕ್ಸಿಲರೇಟರ್, ಅದರ ಡಬ್ಬಿಯ ಪಕ್ಕದಲ್ಲಿರುವ ಚಿಕ್ಕ ಸ್ಕ್ರೂ. ಅದನ್ನು ಒಳಗೆ ತಿರುಗಿಸಿದಷ್ಟೂ ಥ್ರಾಟಲ್ ಕಡಿಮೆ ತೆರೆಯುತ್ತದೆ, ಅಂದರೆ ಎಷ್ಟು ಒತ್ತಿದರೂ ಗಾಡಿ ಒಂದು ಮಿತಿಗಿಂತ ಜೋರು ಹೋಗುವುದಿಲ್ಲ. ಬಾಡಿಗೆ ಗಾಡಿಗಳಲ್ಲಿ ದಾರ ಎಂದೋ ಕಿತ್ತುಹೋಗಿರುತ್ತದೆ, ಸ್ಕ್ರೂ ಪೂರ್ತಿ ಹೊರಗೆ ಬಂದಿರುತ್ತದೆ, ಯಾಕೆಂದರೆ ದೊಡ್ಡವರೂ ಅದನ್ನೇ ಓಡಿಸುತ್ತಾರೆ. ನೀವೇ ಬಗ್ಗಿ ನೋಡಿ. ತಿರುಗಿಸಿ ಕೊಡಿ ಅಂತ ಕೇಳಿ. ಎರಡು ನಿಮಿಷದ ಕೆಲಸ. ಮಾಡಲ್ಲ ಅಂದರೆ ಅಲ್ಲಿಂದ ಹೊರಡಿ.

ಸ್ವಂತ ಗಾಡಿ ಇರುವವರಿಗೆ ಬೆಂಗಳೂರಿನಿಂದ ಹಾಸನ, ಬೇಲೂರು ಮೇಲೆ ಚಿಕ್ಕಮಗಳೂರಿಗೆ ಸುಮಾರು 245 ಕಿಲೋಮೀಟರ್. ಎಕ್ಸ್‌ಪಲ್ಸ್ ಆದರೆ ಓಡಿಸಿಕೊಂಡೇ ಬನ್ನಿ. ಡರ್ಟ್ ಬೈಕ್ ಆದರೆ ಪಿಕಪ್. ಹ್ಯಾಂಡಲಿನ ಎರಡೂ ಕಡೆಯಿಂದ ಪಟ್ಟಿ ಎಳೆದು ಕಟ್ಟುವಾಗ ಮುಂದಿನ ಫೋರ್ಕನ್ನು ಪೂರ್ತಿ ಅದುಮಬೇಡಿ, ಸೀಲ್ ಸೋರಲು ಶುರುವಾಗುತ್ತದೆ. ಮುಂದಿನ ಟೈರು ಮತ್ತು ಮಡ್‌ಗಾರ್ಡ್ ನಡುವೆ ಒಂದು ಮರದ ತುಂಡು ಇಟ್ಟು ಬಿಗಿದರೆ ಸರಿಯಾಗಿ ಕೂರುತ್ತದೆ. ಪೆಟ್ರೋಲ್ ಟ್ಯಾಪ್ ಮುಚ್ಚಿ. ಎಟಿವಿ ಆದರೆ ನಾಲ್ಕೂ ಮೂಲೆ ಕಟ್ಟಿ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿ, ಸಡಿಲ ಆಗಿಯೇ ಇರುತ್ತದೆ.

ಬೆಂಗಳೂರಿನವರು ಇಲ್ಲಿಗೆ ಬರುವ ಮುಂಚೆ ಒಂದು ದಿನದ ತರಬೇತಿ ತೆಗೆದುಕೊಂಡರೆ ಇಲ್ಲಿನ ಎರಡು ದಿನ ಉಳಿಯುತ್ತದೆ. ಕೋಲಾರದ ಕಡೆ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ, ಮರುಭೂಮಿಯ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಶುರು ಮಾಡಿದ್ದು.

5. ಮೈಗೆ ಏನೇನು ಬೇಕು

ಹೆಲ್ಮೆಟ್ ಸ್ವಂತದ್ದೇ ತನ್ನಿ, ಬೇರೆ ಎಲ್ಲದರಲ್ಲೂ ಹೊಂದಿಕೊಳ್ಳಬಹುದು. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದುಕೊಂಡು ಅಂಗಡಿಗೆ ಹೋಗಿ. ಪಟ್ಟಿ ಹಾಕಿದ ಮೇಲೆ ಮಗು ಬೇಡ ಬೇಡ ಅಂತ ತಲೆ ಆಡಿಸಿದರೆ ಹೆಲ್ಮೆಟ್ಟೂ ಜೊತೆಗೇ ತಿರುಗಬೇಕು. ಒಳಗೆ ತಲೆ ಬೇರೆ, ಹೊರಗೆ ಹೆಲ್ಮೆಟ್ ಬೇರೆ ತಿರುಗಿದರೆ ದೊಡ್ಡದಾಯಿತು. ಐಎಸ್ಐ ಗುರುತು ಇರಲಿ, ಗದ್ದ ಮುಚ್ಚುವಂಥದ್ದೇ ಇರಲಿ. ಬೆಳೆಯುವ ಮಗು, ಒಂದು ಸೈಜ್ ದೊಡ್ಡದು ತರೋಣ ಅನ್ನುವುದು ಚಪ್ಪಲಿಗೆ ಸರಿ.

ಗಾಗಲ್ಸ್, ಪೂರ್ತಿ ಬೆರಳಿನ ಗ್ಲೌಸ್, ಮೊಣಕೈ ಮೊಣಕಾಲು ಗಾರ್ಡ್, ಎದೆ ಬೆನ್ನು ಮುಚ್ಚುವ ಆರ್ಮರ್. ಪ್ಯಾಂಟು ದಪ್ಪ ಜೀನ್ಸ್ ಆದರೂ ಸಾಕು. ದುಪಟ್ಟಾ, ಸಡಿಲ ಶಾಲು ಬೇಡ, ಚೈನಿಗೆ ಸುತ್ತಿಕೊಳ್ಳುತ್ತದೆ.

ಕಾಲಿಗೆ ಕಣಕಾಲು ಮುಚ್ಚುವ ಗಟ್ಟಿ ಬೂಟು. ಇಲ್ಲಿ ತೋಟದ ಕೆಲಸಕ್ಕೆ ಹಾಕುವ ಗಮ್‌ಬೂಟ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ, ಕೆಸರಿಗೆ ಚೆನ್ನ. ಬೈಕಿಗೆ ಮಾತ್ರ ಆಗಲ್ಲ. ರಬ್ಬರು ಮೆತ್ತಗೆ, ಕಾಲು ತಿರುಚುವುದನ್ನು ತಡೆಯುವುದಿಲ್ಲ. ಗೇರ್ ಲಿವರಿಗೆ ಸಿಕ್ಕಿಕೊಂಡು ಕಾಲಿಂದಲೇ ಕಳಚಿಕೊಳ್ಳುವುದೂ ಉಂಟು. ಟ್ರ್ಯಾಕ್ ಪಕ್ಕ ನಿಂತು ನೋಡುವ ಅಜ್ಜಿಗೆ ಕೊಡಿ, ಇಂಬಳ ಹತ್ತುವುದಿಲ್ಲ.

ಇಂಬಳ, ಅಂದರೆ ಜಿಗಣೆ, ಅಕ್ಟೋಬರ್‌ನಲ್ಲಿ ಇನ್ನೂ ಇರುತ್ತವೆ. ಕಾಲುಚೀಲಕ್ಕೆ ನಶ್ಯ ಅಥವಾ ಉಪ್ಪು ಸವರಿಕೊಳ್ಳಿ. ಹತ್ತಿದರೆ ಕಿರುಚುವುದು ಬೇಡ, ಕಿತ್ತು ಎಸೆಯುವುದೂ ಬೇಡ, ಚೂರು ಸುಣ್ಣ ಮುಟ್ಟಿಸಿದರೆ ಬಿಡುತ್ತದೆ. ಅದಕ್ಕಿಂತ ಎಚ್ಚರ ಬೇಕಾದದ್ದು ಉಣುಗಿಗೆ. ಮಂಗನ ಕಾಯಿಲೆ ಹರಡುವುದು ಅದರಿಂದ. ಡಿಸೆಂಬರ್‌ನಿಂದ ಮೇವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಹೋಗುವುದಾದರೆ ಆಸ್ಪತ್ರೆಗಳಲ್ಲಿ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ, ಒಣ ಎಲೆಯ ಮೇಲೆ ಕೂರಬೇಡಿ, ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ. ಮನೆಗೆ ಹೋದ ಮೇಲೆ ಒಂದು ವಾರದಲ್ಲಿ ಜೋರು ಜ್ವರ ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಅಂತ ಹೇಳಲು ಮರೆಯಬೇಡಿ.

6. ಮೊದಲ ಗಂಟೆ ಇಂಜಿನ್ ಸ್ಟಾರ್ಟ್ ಮಾಡಬೇಡಿ

ಬಂದವರೇ ಗಾಡಿ ಹತ್ತುವುದು ಎಲ್ಲರೂ ಮಾಡುವ ತಪ್ಪು. ಮೊದಲು ದಾರಿ ಪೂರ್ತಿ ನಡೆದು ನೋಡಿ, ಮಕ್ಕಳನ್ನೂ ಕರೆದುಕೊಂಡು. ಕಾಫಿ ತೋಟದಲ್ಲಿ ಮಳೆನೀರು ಇಂಗಲಿ ಅಂತ ಗಿಡದ ಸಾಲಿನ ನಡುವೆ ತೊಟ್ಟಿಲು ಗುಂಡಿ ತೆಗೆದಿರುತ್ತಾರೆ. ಉದ್ದಕ್ಕೆ ತೊಟ್ಟಿಲಿನ ಆಕಾರ, ಒಂದಡಿಯೋ ಒಂದೂವರೆ ಅಡಿಯೋ ಆಳ. ಅದರ ತುಂಬ ಒಣ ಎಲೆ ಬಿದ್ದು ಮಟ್ಟ ನೆಲದ ಹಾಗೇ ಕಾಣುತ್ತದೆ. ಮುಂದಿನ ಚಕ್ರ ಅದರೊಳಗೆ ಇಳಿದರೆ ನೀವು ಹ್ಯಾಂಡಲ್ ಮೇಲಿಂದ ಹೋಗುತ್ತೀರಿ. ಕೈಯಲ್ಲಿ ಕೋಲು ಹಿಡಿದು ದಾರಿಯಂಚಿನ ಎಲೆ ಚುಚ್ಚುತ್ತಾ ಹೋಗಿ, ಗುಂಡಿ ಇದ್ದಲ್ಲಿ ಕೊಂಬೆ ನೆಟ್ಟು ಬಟ್ಟೆ ಕಟ್ಟಿ.

ತಂತಿ ಇನ್ನೊಂದು ಅಪಾಯ. ಗೇಟಿನ ಬದಲು ದಾರಿಗೆ ಅಡ್ಡ ತಂತಿ ಕಟ್ಟುವುದು, ಐಬೆಕ್ಸ್ ಬೇಲಿ ಅಂತ ಕರೆಯುವ ಸೋಲಾರ್ ಬೇಲಿ, ಬಟ್ಟೆ ಒಣಹಾಕುವ ತಂತಿ, ಎಲ್ಲವೂ ನೆರಳಿನಲ್ಲಿ ಕಣ್ಣಿಗೆ ಬೀಳುವುದಿಲ್ಲ, ಕೂತವರ ಕತ್ತಿನ ಎತ್ತರಕ್ಕೇ ಬರುತ್ತದೆ. ಎಲ್ಲಿ ತಂತಿ ಇದೆ ಅಂತ ಮನೆಯವರನ್ನು ಕೇಳಿ ತೆಗೆಸಿ, ಇಲ್ಲ ಕೆಂಪು ಬಟ್ಟೆ ನೇತುಹಾಕಿ.

ದಾರಿ ಒಂದೇ ದಿಕ್ಕಿಗೆ ಅಂತ ಗೊತ್ತು ಮಾಡಿ. ಎಲ್ಲರೂ ಬಲಸುತ್ತು ಅಂದರೆ ಬಲಸುತ್ತೇ. ಸಂಜೆಯ ಹೊತ್ತಿಗೆ ಯಾರೋ ಒಬ್ಬರು ಮಜಾಕ್ಕೆ ಉಲ್ಟಾ ಬರುತ್ತಾರೆ, ಎದುರುಬದುರು ಡಿಕ್ಕಿ ಆಗುವುದು ಆಗಲೇ.

ಟೈರಿನ ಗಾಳಿ ನೋಡಿ. ಎಟಿವಿಗೆ ಬಹಳ ಕಡಿಮೆ ಸಾಕು, ಐದು ಪಿಎಸ್ಐ ಆಸುಪಾಸು, ಸರಿಯಾದ ಅಂಕಿ ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಲೆಕ್ಕಕ್ಕೆ ಮೂವತ್ತು ತುಂಬಿಸಿದರೆ ಚೆಂಡಿನ ಹಾಗೆ ಕುಪ್ಪಳಿಸುತ್ತದೆ. ಬ್ರೇಕ್, ಚೈನ್, ಥ್ರಾಟಲ್ ಬಿಟ್ಟ ತಕ್ಷಣ ತಾನಾಗಿ ವಾಪಸ್ ಬರುತ್ತದೆಯೇ, ಇಷ್ಟು ನೋಡಿ ಸಾಕು.

ಈಗ ಮಕ್ಕಳನ್ನು ಕೂರಿಸಿ. ಮೊದಲ ಪಾಠ ನಿಲ್ಲಿಸುವುದು. ಹತ್ತು ಮೀಟರ್ ಹೋಗು, ನಿಲ್ಲಿಸು. ಮತ್ತೆ ಹತ್ತು, ನಿಲ್ಲಿಸು. ಇಪ್ಪತ್ತು ಸಲ. ಬೇಜಾರಾದರೂ ಬಿಡಬೇಡಿ. ಬೈಕಿನಲ್ಲಿ ಹೊಸಬರಿಗೆ ಆಗುವುದು ಹೀಗೆ: ಗಾಡಿ ಜಿಗಿದ ತಕ್ಷಣ ಮೈ ಹಿಂದಕ್ಕೆ ಹೋಗುತ್ತದೆ, ಬೀಳದಿರಲು ಹ್ಯಾಂಡಲ್ ಎಳೆದುಕೊಳ್ಳುತ್ತಾರೆ, ಎಳೆದಾಗ ಮಣಿಕಟ್ಟು ಕೆಳಗಿಳಿದು ಆಕ್ಸಿಲರೇಟರ್ ಇನ್ನೂ ತಿರುಗುತ್ತದೆ. ಮಣಿಕಟ್ಟು ಮೊದಲೇ ತಗ್ಗಿಸಿಕೊಂಡು ಹಿಡಿದಿದ್ದರೆ ಮುಂದೆ ತಿರುಗಿಸಲು ಜಾಸ್ತಿ ಜಾಗ ಉಳಿಯುವುದಿಲ್ಲ. ಇದನ್ನು ಇಂಜಿನ್ ಆಫ್ ಇದ್ದಾಗಲೇ ಹಿಡಿಸಿ ತೋರಿಸಿ.

ಎಟಿವಿಯಲ್ಲಿ ಕಾಲು ಕೆಳಗಿಡಬಾರದು, ಇದನ್ನು ಹತ್ತು ಸಲ ಹೇಳಿ. ಸ್ಕೂಟರ್ ಅಭ್ಯಾಸ ಇದ್ದವರು, ವಿಶೇಷವಾಗಿ ಅಮ್ಮಂದಿರು, ಗಾಡಿ ವಾಲಿದ ಕೂಡಲೇ ಕಾಲು ಊರುತ್ತಾರೆ. ಹಿಂದಿನ ಚಕ್ರ ಆ ಕಾಲಿನ ಮೇಲೇ ಬರುತ್ತದೆ.

7. ದಿನದ ಲೆಕ್ಕ

ಮಕ್ಕಳಿಗೆ ಇಪ್ಪತ್ತು ನಿಮಿಷ ಓಡಿಸಿದರೆ ಇಪ್ಪತ್ತು ನಿಮಿಷ ವಿಶ್ರಾಂತಿ, ಒಟ್ಟು ದಿನಕ್ಕೆ ಎರಡು ಗಂಟೆ ಸಾಕು. ದೊಡ್ಡವರಿಗೆ ಮೂರು. ಜಾಸ್ತಿ ಏಟು ಆಗುವುದು "ಲಾಸ್ಟ್ ರೌಂಡ್" ಅಂತ ಹೋಗುವಾಗ. ಮುಂಗೈ ಸೋತಿರುತ್ತದೆ, ಬ್ರೇಕ್ ಹಿಡಿಯಲು ಬೆರಳು ಬರುವುದಿಲ್ಲ.

ಹಾಗಾಗಿ ಮೂರು ದಿನದ ಪ್ರವಾಸ ಅಂದರೆ ಎರಡು ಬೆಳಗ್ಗೆ ಮಾತ್ರ ಗಾಡಿ. ಮಧ್ಯಾಹ್ನಗಳನ್ನು ಓಡಿಸದವರಿಗೆ ಬಿಟ್ಟುಕೊಡಿ. ಬೇಲೂರು ಚಿಕ್ಕಮಗಳೂರಿಂದ ಮುಕ್ಕಾಲು ಗಂಟೆ, ಅಲ್ಲಿಂದ ಹಳೇಬೀಡು ಹತ್ತಿರ. ಸಕಲೇಶಪುರದ ಕಡೆ ಉಳಿದರೆ ಮಂಜರಾಬಾದ್ ಕೋಟೆ, ನಕ್ಷತ್ರದ ಆಕಾರದ್ದು, ಮಕ್ಕಳಿಗೆ ಇಷ್ಟವಾಗುತ್ತದೆ. ಮಣ್ಣಿನ ದಾರಿಯ ಮಜಾ ಅಜ್ಜ ಅಜ್ಜಿಗೂ ಬೇಕು ಅಂದರೆ ಅತ್ತಿಗುಂಡಿ ಹತ್ತಿರದ ಝರಿ ಫಾಲ್ಸ್‌ಗೆ ಬಾಡಿಗೆ ಜೀಪು ಹೋಗುತ್ತದೆ. ಸೊಂಟ ನೋವು ಇರುವವರು ಮುಂದಿನ ಸೀಟು ಹಿಡಿಯಿರಿ. ಮೂಡಿಗೆರೆ ದಾಟಿ ಹೋದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ, ಅದನ್ನು ಯಾರೂ ತಪ್ಪಿಸಿಕೊಳ್ಳುವುದಿಲ್ಲ, ನಾನು ಹೇಳುವುದೇ ಬೇಡ.

8. ಏನಾದರೂ ಆದರೆ

ತೋಟದೊಳಗೆ ನೆಟ್‌ವರ್ಕ್ ಇರುವುದಿಲ್ಲ. ಎಲ್ಲಿ ಸಿಗ್ನಲ್ ಬರುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಸಾಮಾನ್ಯವಾಗಿ ಕಣದ ಹತ್ತಿರ ಇಲ್ಲ ಗುಡ್ಡದ ನೆತ್ತಿ. ಒಂದು ಕಾರು ಗೇಟಿನ ಕಡೆ ಮುಖ ಮಾಡಿ ನಿಂತಿರಲಿ, ಅದರ ಮುಂದೆ ಯಾರೂ ಗಾಡಿ ನಿಲ್ಲಿಸಬಾರದು, ಬೀಗದಕೈ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಬೇಕು. 108ಕ್ಕೆ ಹೇಳಲು ತೋಟದ ಹೆಸರು, ಹತ್ತಿರದ ಊರು, ಬಸ್ ಸ್ಟಾಪ್ ಒಂದು ಚೀಟಿಯಲ್ಲಿ ಬರೆದಿಡಿ. ಆಂಬುಲೆನ್ಸ್ ಹುಡುಕಿಕೊಂಡು ಒಳಗೆ ಬರುವುದಕ್ಕಿಂತ ನೀವೇ ಮುಖ್ಯರಸ್ತೆಯಲ್ಲಿ ಒಬ್ಬರನ್ನು ನಿಲ್ಲಿಸಿದರೆ ಬೇಗ ಆಗುತ್ತದೆ. ದೊಡ್ಡ ಆಸ್ಪತ್ರೆ ಅಂದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಹಾಸನದಲ್ಲಿ ಹಿಮ್ಸ್.

ಬಿದ್ದವರಿಗೆ ಪ್ರಜ್ಞೆ ಇಲ್ಲದಿದ್ದರೆ ಅಥವಾ ಕತ್ತು ನೋವು ಅಂದರೆ ಎಬ್ಬಿಸಿ ಕೂರಿಸಬೇಡಿ, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ನೀರು ಕುಡಿಸಲು ಓಡಿ ಬರುವವರನ್ನು ತಡೆಯಿರಿ. ಸೈಲೆನ್ಸರಿಗೆ ಮೀನಖಂಡ ತಾಗಿ ಸುಡುವುದು ತುಂಬಾ ಸಾಮಾನ್ಯ, ಅದಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಟೂತ್‌ಪೇಸ್ಟ್ ಬೇಡ.

ವಿಮೆ ಪೇಪರು ಹೊರಡುವ ಮುಂಚೆ ತೆಗೆದು ನೋಡಿ. ರಿಜಿಸ್ಟ್ರೇಷನ್ ಇಲ್ಲದ ಡರ್ಟ್ ಬೈಕಿಗೆ ಸಾಮಾನ್ಯ ವಾಹನ ವಿಮೆ ಇರುವುದಿಲ್ಲ. ಅಪಘಾತ ವಿಮೆಯಲ್ಲಿ ಸಾಹಸ ಕ್ರೀಡೆ ಬಿಟ್ಟು ಅನ್ನುವ ಸಾಲು ಎಷ್ಟೋ ಸಲ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಏಜೆಂಟ್ ಬಾಯಿಮಾತಿಗೆ ಹೂಂ ಅನ್ನಬೇಡಿ, ಮೇಲ್‌ನಲ್ಲಿ ಕೇಳಿ ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ.

ಹೊರಡುವ ದಿನ ಗಾಡಿಗಳನ್ನು ತೊಳೆಯಲು ತೋಟದ ಕೆರೆಯ ಹತ್ತಿರ ಒಯ್ಯಬೇಡಿ, ಆಯಿಲ್ ನೀರಿಗೆ ಸೇರುತ್ತದೆ. ಪೇಟೆಯ ವಾಟರ್ ಸರ್ವೀಸ್‌ಗೆ ಬಿಡಿ. ದಾರಿಯಲ್ಲಿ ಸ್ಪ್ರಿಂಕ್ಲರ್ ಪೈಪು ತುಳಿದಿದ್ದರೆ, ಗಿಡ ಮುರಿದಿದ್ದರೆ, ಬದು ಕುಸಿದಿದ್ದರೆ ನೀವೇ ಮಾಲೀಕರಿಗೆ ತೋರಿಸಿ, ಎಷ್ಟಾಗುತ್ತದೆ ಅಂತ ಕೇಳಿ ಕೊಟ್ಟು ಹೊರಡಿ. ನೆಟ್ಟ ಕೊಂಬೆ, ಕಟ್ಟಿದ ಬಟ್ಟೆ ಕಿತ್ತುಕೊಂಡು ಬನ್ನಿ. ತೆಗೆಸಿದ ತಂತಿ ವಾಪಸ್ ಕಟ್ಟಿದ್ದಾರಾ ನೋಡಿ, ಇಲ್ಲದಿದ್ದರೆ ರಾತ್ರಿ ಪಕ್ಕದ ಮನೆಯ ದನ ಒಳಗೆ ಬರುತ್ತವೆ.